ಗಾಜಿನ ಬೀರುವಿನ ಪುಸ್ತಕ

ನಾನು ಚರಿತ್ರೆ ಪಾಠ ಹೇಳುತ್ತಿದ್ದ ಮಹಿಳಾ ಕಾಲೇಜಿನ ಲೈಬ್ರರಿಯಲ್ಲಿ ಒಂದು ಗಾಜಿನ ಬೀರು ಇತ್ತು. ಅದಕ್ಕೆ ಸದಾ ಬೀಗ. ಮೇಲಿನ ಅರೆಗಳಲ್ಲಿ ದಪ್ಪ ದಪ್ಪ ನಿಘಂಟುಗಳು, ವಿಶ್ವಕೋಶದ ಸಂಪುಟಗಳು. ತೀರ ಕೆಳಗಿನ ಅರೆಯಲ್ಲಿ ಯಾರೋ ಪುಣ್ಯಾತ್ಮರು ದಾನ ಕೊಟ್ಟ ನಾಲ್ಕಾರು ಚಿತ್ರಕಲೆಯ ಪುಸ್ತಕಗಳು. ಅವುಗಳ ಮೇಲೆ 'ರೆಫರೆನ್ಸ್' ಎಂಬ ನೀಲಿ ಮುದ್ರೆ ಬಿದ್ದಿದ್ದರಿಂದ ಮನೆಗೆ ಒಯ್ಯುವಂತಿರಲಿಲ್ಲ. ಬೇಕೆಂದರೆ ಅಟೆಂಡರ್ ಹತ್ತಿರ ಇದ್ದ ಒಂದು ನೋಟ್‌ಬುಕ್ಕಿನಲ್ಲಿ ಸಹಿ ಹಾಕಿ, ಬೀಗದ ಕೈ ಇಸಕೊಂಡು, ಅಲ್ಲೇ ಕೂತು ನೋಡಿ, ಅಲ್ಲೇ ಇಟ್ಟು ಬರಬೇಕು. ಹುಡುಗಿಯರು ಗಾಜಿನ ಹೊರಗಿನಿಂದ ಬೆನ್ನಿನ ಮೇಲಿನ ಹೆಸರು ಓದಿ ಮುಂದೆ ಹೋಗುತ್ತಿದ್ದರು. ಸೀರೆ ಅಂಗಡಿಯ ಮುಂದೆ ನಿಂತು ಹೋದ ಹಾಗೆ.

1983ರ ಸುಮಾರಿನ ಮಾತು. ಬಿ.ಎ. ತರಗತಿಗೆ ಯುರೋಪಿನ ಪುನರುಜ್ಜೀವನದ ಪಾಠ ನಡೆದಿತ್ತು. ಲಿಯೊನಾರ್ಡೊ, ಮೈಕೆಲೆಂಜಲೊ, ರಾಫೆಲ್ ಎಂದು ಹೆಸರು ಬರೆಸಿ, ಇಸವಿ ಬರೆಸಿ, ಮುಂದಿನ ಪಾಠಕ್ಕೆ ಹೋಗುವುದು ನಮ್ಮ ವಾಡಿಕೆ. ಚಿತ್ರ ತೋರಿಸದೆ ಚಿತ್ರಕಲೆಯ ಪಾಠ ಹೇಳುವುದೆಂದರೆ ಬಿಸಿಬೇಳೆಭಾತನ್ನು ಬಣ್ಣಿಸಿ ಹೊಟ್ಟೆ ತುಂಬಿಸಿದ ಹಾಗೆ. ಅದೇನು ಧೈರ್ಯ ಬಂತೋ, ಆ ದಿನ ನಾನು ಬೀರುವಿನಿಂದ ಇ.ಎಚ್. ಗೊಂಬ್ರಿಕ್ ಅವರ 'ದಿ ಸ್ಟೋರಿ ಆಫ್ ಆರ್ಟ್' ಪುಸ್ತಕದ ಹಳೆಯ ಪ್ರತಿಯೊಂದನ್ನು ತೆಗೆದು ತರಗತಿಗೇ ಒಯ್ದೆ. ಬೆಂಚಿನಿಂದ ಬೆಂಚಿಗೆ ಪುಸ್ತಕ ಹೋಯಿತು. ಹೆಚ್ಚಿನವು ಕಪ್ಪು ಬಿಳುಪು ಚಿತ್ರಗಳೇ. ಆದರೂ ಹುಡುಗಿಯರು ಒಬ್ಬರ ಭುಜದ ಮೇಲೊಬ್ಬರು ಬಾಗಿ ನೋಡಿದರು. ಕೆಲವು ಪುಟ ಬಂದಾಗ ಕಿಸಕ್ಕೆಂದು ನಕ್ಕು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಗಂಭೀರವಾಗಿ ಕಿಟಕಿಯ ಆಚೆ ನೋಡುತ್ತ ನಿಂತಿದ್ದೆ.

ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕಾಲೇಜಿನ ಗೋಡೆಪತ್ರಿಕೆಗೆ ಚಿತ್ರ ಬರೆಯುತ್ತಿದ್ದವಳು ಅವಳೇ. "ಮೇಡಂ, ಇದರಲ್ಲಿ ಎಲ್ಲಿ ನೋಡಿದರೂ ಹೆಂಗಸರ ಚಿತ್ರ. ಹೆಂಗಸರು ಬರೆದದ್ದು ಒಂದೂ ಇಲ್ವಾ?"

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಬರೆದಿದ್ದರೆ ಹಾಕ್ತಿದ್ದರಲ್ಲವೇನಮ್ಮ? ಆ ಕಾಲದಲ್ಲಿ ಹೆಂಗಸರು ಎಲ್ಲಿ ಬರೀತಿದ್ದರು?" ಎಂದೆ. "ಹೌದು ಮೇಡಂ" ಎಂದು ಅವಳು ಕೂತಳು. ಗಂಟೆ ಹೊಡೆಯಿತು.

ಆ ಉತ್ತರ ಪೂರಾ ತಪ್ಪು ಎಂದು ನನಗೆ ತಿಳಿಯಲು ಹತ್ತು ವರ್ಷ ಬೇಕಾಯಿತು. ಯಾರೂ ನನ್ನನ್ನು ತಿದ್ದಲಿಲ್ಲ. ತಿದ್ದಿದ್ದು ಇನ್ನೊಂದು ಪುಸ್ತಕ. ಅದೂ ಹೊಸ ಪುಸ್ತಕವಲ್ಲ, ಕಲಾವಿದರ ಬಗ್ಗೆ ಯುರೋಪಿನಲ್ಲಿ ಬಂದ ದೊಡ್ಡ ಪುಸ್ತಕಗಳಿಗೆಲ್ಲ ಮುತ್ತಜ್ಜನಂಥದು. ರಿಫ್ರೆಷರ್ ಕೋರ್ಸಿಗೆಂದು ಬೇರೆ ಊರಿಗೆ ಹೋದಾಗ ಅಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಜಾರ್ಜೊ ವಸಾರಿಯ 'ಕಲಾವಿದರ ಜೀವನಗಳು' ಗ್ರಂಥದ ಪೂರ್ಣ ಇಂಗ್ಲಿಷ್ ಅನುವಾದ ಸಿಕ್ಕಿತು. ಅದರ ಸಂಕ್ಷಿಪ್ತ ಪ್ರತಿಯೊಂದನ್ನು ನಾನು ಮೊದಲೇ ಓದಿದ್ದೆ. ಓದಿದ್ದೇನೆಂಬ ಜಂಬವೂ ಇತ್ತು. ಪೂರ್ಣ ಪ್ರತಿಯ ಪರಿವಿಡಿಯ ಮೇಲೆ ಬೆರಳಾಡಿಸುತ್ತ ಹೋದಾಗ ಸಾಲಾಗಿ ಗಂಡಸರ ಹೆಸರುಗಳ ನಡುವೆ ಒಂದು ಹೆಸರು ಕಣ್ಣಿಗೆ ಬಿತ್ತು: ಬೊಲೋನ್ಯಾ ಊರಿನ ಶಿಲ್ಪಿ, ಶ್ರೀಮತಿ ಪ್ರೊಪೆರ್ಜಿಯಾ ದೆ ರೊಸ್ಸಿ. ನಾನು ಓದಿದ್ದ ಸಂಕ್ಷಿಪ್ತ ಪ್ರತಿಯಲ್ಲಿ ಆಕೆ ಇರಲಿಲ್ಲ. ಪುಸ್ತಕವನ್ನು ಚಿಕ್ಕದು ಮಾಡುವಾಗ ಯಾರನ್ನು ಮೊದಲು ಕೈಬಿಡುತ್ತಾರೆ, ನೋಡಿ!

ವಸಾರಿ ಹುಟ್ಟಿದ್ದು 1511ರಲ್ಲಿ, ಇಟಲಿಯ ಅರೆತ್ಸೊ ಎಂಬಲ್ಲಿ. ಸ್ವತಃ ಚಿತ್ರಕಾರ, ವಾಸ್ತುಶಿಲ್ಪಿ. ಇವತ್ತು ಜಗತ್ತಿನ ಜನ ಸಾಲುಗಟ್ಟಿ ನಿಂತು ನೋಡುವ ಫ್ಲಾರೆನ್ಸಿನ ಉಫಿತ್ಸಿ ಕಟ್ಟಡದ ನಕ್ಷೆ ಅವನದೇ. ಅದನ್ನು ಕಟ್ಟಿಸಿದ್ದು ಸರ್ಕಾರಿ ಕಚೇರಿಗಳಿಗಾಗಿ. ಆದರೆ ಅವನ ಹೆಸರು ಉಳಿದದ್ದು ಚಿತ್ರದಿಂದಲೂ ಅಲ್ಲ, ಕಟ್ಟಡದಿಂದಲೂ ಅಲ್ಲ, ಬೇರೆಯವರ ಬಗ್ಗೆ ಬರೆದದ್ದರಿಂದ. 1550ರಲ್ಲಿ ಅವನ ಪುಸ್ತಕ ಮೊದಲು ಬಂತು. ಹದಿನೆಂಟು ವರ್ಷದ ಮೇಲೆ, 1568ರಲ್ಲಿ, ಅದನ್ನು ಹಿಗ್ಗಿಸಿ ಎರಡನೆಯ ಮುದ್ರಣ ತಂದ. ಆ ಎರಡನೆಯದರಲ್ಲಿ ಒಂದು ಹೊಸತನ ಇತ್ತು. ಕಲಾವಿದರ ಕಥೆ ಶುರುವಾಗುವ ಕಡೆ ಅವರವರ ಮುಖದ ಚಿತ್ರ, ಮರದ ಅಚ್ಚಿನಲ್ಲಿ ಕೆತ್ತಿ ಒತ್ತಿದ್ದು, ಸುತ್ತ ಭಾರಿ ಅಲಂಕಾರದ ಚೌಕಟ್ಟು. ಇನ್ನೂರು ವರ್ಷ ಹಿಂದೆ ಸತ್ತವರ ಮುಖ ಎಲ್ಲಿಂದ ತರುವುದು? ಹಳೆಯ ಭಿತ್ತಿಚಿತ್ರಗಳಲ್ಲಿ ಹುಡುಕಿದ. ಕೆಲವನ್ನು ಊಹಿಸಿದ ಎಂದು ಬಲ್ಲವರು ಹೇಳುತ್ತಾರೆ. ಎಲ್ಲಿಯೂ ಮುಖ ಸಿಕ್ಕದ ಕೆಲವರಿಗೆ ಬರೀ ಚೌಕಟ್ಟನ್ನೇ ಅಚ್ಚು ಹಾಕಿಸಿ ಒಳಗೆ ಖಾಲಿ ಬಿಟ್ಟ. ಆ ಖಾಲಿ ಚೌಕಟ್ಟುಗಳನ್ನು ಕಂಡರೆ ನನಗೆ ವಸಾರಿಯ ಮೇಲೆ ಪ್ರೀತಿ ಉಕ್ಕುತ್ತದೆ. ಇಲ್ಲಿ ಒಬ್ಬರಿದ್ದರು, ಮುಖ ಸಿಗಲಿಲ್ಲ ಎಂದು ಒಪ್ಪಿಕೊಂಡ ಚೌಕಟ್ಟು ಅದು.

ಪ್ರೊಪೆರ್ಜಿಯಾಳಿಗೆ ಮುಖ ಸಿಕ್ಕಿದೆ. ತಲೆಯ ಮೇಲೆ ಬಟ್ಟೆ ಹೊದ್ದ ಹೆಂಗಸು. 1550ರ ಮೊದಲ ಮುದ್ರಣದಲ್ಲಿ ತನ್ನದೇ ಅಧ್ಯಾಯ ಪಡೆದ ಒಬ್ಬಳೇ ಹೆಂಗಸು ಅವಳು. ಅವಳ ಕಥೆ ಶುರು ಮಾಡುವಾಗ ವಸಾರಿ, ಈಕೆ ಉಳಿದ ಹೆಂಗಸರಂತೆ ಮನೆಗೆಲಸದಲ್ಲಿ ಮಾತ್ರವಲ್ಲ, ಬೇರೆ ವಿದ್ಯೆಗಳಲ್ಲೂ ನಿಪುಣೆ ಎನ್ನುತ್ತಾನೆ. ಮನೆಗೆಲಸದ ಸರ್ಟಿಫಿಕೇಟು ಮೊದಲು, ಉಳಿದದ್ದು ಆಮೇಲೆ! ಅವಳು ಚೆಲುವೆ, ಹಾಡುಗಾತಿ ಎಂಬುದೂ ಬರುತ್ತದೆ. ಮೈಕೆಲೆಂಜಲೊ ಅಡಿಗೆ ಮಾಡುತ್ತಿದ್ದನೇ, ಅವನ ಮೂಗು ಹೇಗಿತ್ತು ಎಂದು ಮೊದಲ ಸಾಲಿನಲ್ಲೇ ಯಾರೂ ಕೇಳುವುದಿಲ್ಲ.

ಅವಳು ಕೆಲಸ ಶುರು ಮಾಡಿದ್ದು ಪೀಚ್ ಹಣ್ಣಿನ ಓಟೆಯ ಮೇಲೆ. ತಿಂದು ಬಿಸಾಡುವ ಓಟೆ. ಅದರಲ್ಲಿ ಏಸುವಿನ ಶಿಲುಬೆಯ ಕಥೆಯನ್ನು, ಅಷ್ಟೊಂದು ಜನ ಇರುವ ದೃಶ್ಯವನ್ನು, ಕೆತ್ತಿದಳಂತೆ. ಬೊಲೋನ್ಯಾದ ಮ್ಯೂಸಿಯಮ್ಮಿನಲ್ಲಿ ಬೆಳ್ಳಿ ತಂತಿಯ ಕುಸುರಿಯ ನಡುವೆ ಹನ್ನೊಂದು ಕೆತ್ತಿದ ಓಟೆಗಳನ್ನು ಕೂರಿಸಿದ ಒಂದು ಮನೆತನದ ಲಾಂಛನ ಈಗಲೂ ಇದೆ. ಅದು ಅವಳ ಕೈಕೆಲಸ ಎನ್ನುತ್ತಾರೆ. ಅಮೃತಶಿಲೆ ಕೊಳ್ಳಲು ಹಣ ಬೇಕು, ಕೆತ್ತಲು ಜಾಗ ಬೇಕು, ಆಳು ಬೇಕು. ಓಟೆಗೆ ಏನು ಬೇಕು? ಅಡಿಗೆಮನೆಯ ಮೂಲೆ, ಒಂದು ಮೊನಚು ಉಳಿ, ಎಲ್ಲರೂ ಮಲಗಿದ ಮೇಲಿನ ಹೊತ್ತು. ಇದು ನನ್ನ ಊಹೆ, ವಸಾರಿ ಹೇಳಿದ್ದಲ್ಲ.

ಓಟೆಯಿಂದ ಅವಳು ಕಲ್ಲಿಗೆ ಬಂದಳು. ಊರಿನ ದೊಡ್ಡ ಚರ್ಚು ಸಾನ್ ಪೆತ್ರೋನಿಯೊದ ಮುಂಭಾಗಕ್ಕೆ ಶಿಲ್ಪ ಮಾಡುವ ಕೆಲಸ ನಡೆದಿತ್ತು. ಅದರಲ್ಲಿ ತನಗೂ ಪಾಲು ಬೇಕೆಂದು ಕೇಳಿ, ಮಾದರಿ ಮಾಡಿ ತೋರಿಸಿ, ಗಿಟ್ಟಿಸಿಕೊಂಡಳು. 1520ರ ದಶಕದಲ್ಲಿ ಅವಳು ಕೆತ್ತಿದ ಒಂದು ಫಲಕ ಬೈಬಲ್ಲಿನ ಯೋಸೇಫನ ಕಥೆಯದು. ಒಡೆಯನ ಹೆಂಡತಿ ಯೋಸೇಫನಿಗೆ ಮನಸೋತು ಕೈ ಹಿಡಿಯುತ್ತಾಳೆ, ಅವನು ಮೇಲುಹೊದಿಕೆಯನ್ನು ಬಿಟ್ಟು ಓಡುತ್ತಾನೆ. ನಮ್ಮ ಕುಮಾರರಾಮನ ಕಥೆಯ ರತ್ನಾಜಿ ನೆನಪಾಗುತ್ತಾಳೆ. ಈ ಶಿಲ್ಪದಲ್ಲಿ ಓಡುವವನಿಗಿಂತ ಹಿಡಿಯುವವಳೇ ಕಣ್ಣು ಸೆಳೆಯುತ್ತಾಳೆ. ಮಂಚದಿಂದ ಅರ್ಧ ಎದ್ದು ಮುಂದಕ್ಕೆ ಬಾಗಿದ ಆ ಹೆಂಗಸಿನ ತೋಳಿನಲ್ಲಿ ಎಂಥ ಶಕ್ತಿ! ವಸಾರಿ ಅದನ್ನು ಬಾಯಿತುಂಬ ಹೊಗಳಿ, ಜೊತೆಗೇ ಒಂದು ಗುಟ್ಟು ಊದುತ್ತಾನೆ: ಆಗ ಅವಳು ತನ್ನ ಕಡೆ ತಿರುಗಿಯೂ ನೋಡದ ಒಬ್ಬ ಹುಡುಗನನ್ನು ಪ್ರೀತಿಸಿ ಬೇಯುತ್ತಿದ್ದಳು, ಆ ಸಂಕಟವನ್ನೇ ಕಲ್ಲಿನಲ್ಲಿ ಕೆತ್ತಿಬಿಟ್ಟಳು ಎಂದು. ನಿಜವೋ ಸುಳ್ಳೋ. ಹೆಂಗಸು ಒಳ್ಳೆಯ ಕೆಲಸ ಮಾಡಿದರೆ ಹಿಂದೆ ಏನೋ ಒಂದು ಪ್ರೇಮದ ಕಥೆ ಇರಲೇಬೇಕು ಎಂಬುದು ಆ ಕಾಲಕ್ಕೇ ಮುಗಿದ ಮಾತಲ್ಲ.

ಆಮೇಲಿನದು ಹೊಟ್ಟೆ ಉರಿಸುವ ಸಂಗತಿ. ಅಮಿಕೊ ಅಸ್ಪೆರ್ತಿನಿ ಎಂಬ ಚಿತ್ರಕಾರ ಹೊಟ್ಟೆಕಿಚ್ಚಿನಿಂದ ಅವಳ ಮೇಲೆ ಚಾಡಿ ಹೇಳಿದ, ಅದರಿಂದಾಗಿ ಅವಳಿಗೆ ಸಿಕ್ಕ ಕೂಲಿ ತೀರ ಕಡಿಮೆಯಾಯಿತು, ಅವಳು ಕಲ್ಲು ಬಿಟ್ಟು ತಾಮ್ರದ ಹಾಳೆಯ ಮೇಲೆ ಕೊರೆಯುವುದಕ್ಕೆ ತಿರುಗಿದಳು ಎಂದು ವಸಾರಿಯೇ ಬರೆಯುತ್ತಾನೆ. 1530ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನಿಗೆ ಕಿರೀಟ ಇಡಲು ಪೋಪ್ ಏಳನೆಯ ಕ್ಲೆಮೆಂಟ್ ಬೊಲೋನ್ಯಾಕ್ಕೆ ಬಂದ. ಸಮಾರಂಭ ಮುಗಿದ ಮೇಲೆ, ಆ ಶಿಲ್ಪಿ ಹೆಂಗಸನ್ನು ಕರೆಸಿ ಎಂದನಂತೆ. ಅದೇ ವಾರ ಅವಳು ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು.

ಲೈಬ್ರರಿಯ ಮೇಜಿನ ಮೇಲೆ ಇಷ್ಟನ್ನು ಓದಿ ಮುಗಿಸಿದಾಗ ನನಗೆ ಮೊದಲು ನೆನಪಾದದ್ದು ಪೋಪನೂ ಅಲ್ಲ, ಪ್ರೊಪೆರ್ಜಿಯಾಳೂ ಅಲ್ಲ, ಮೂರನೆಯ ಬೆಂಚು.

ಅದೇ ಅಧ್ಯಾಯಕ್ಕೆ ವಸಾರಿ 1568ರಲ್ಲಿ ಇನ್ನೂ ಕೆಲವು ಹೆಂಗಸರನ್ನು ಸೇರಿಸಿದ್ದಾನೆ. ಒಬ್ಬಳು ಪ್ಲೌತಿಲ್ಲಾ ನೆಲ್ಲಿ, ಫ್ಲಾರೆನ್ಸಿನ ಒಂದು ಕಾನ್ವೆಂಟಿನ ಸನ್ಯಾಸಿನಿ. ಹುಟ್ಟಿದ್ದು 1524ರಲ್ಲಿ. ಯಾರ ಗುರುಕುಲವೂ ಇಲ್ಲದೆ ಚಿತ್ರ ನೋಡಿ ನೋಡಿ ಕಲಿತವಳು. ಊರಿನ ದೊಡ್ಡ ಮನುಷ್ಯರ ಮನೆಗಳಲ್ಲಿ ಅವಳ ಚಿತ್ರಗಳು ಎಷ್ಟಿವೆ ಎಂದರೆ ಎಲ್ಲವನ್ನೂ ಹೇಳಹೊರಟರೆ ಬೇಸರವಾದೀತು ಎನ್ನುತ್ತಾನೆ. ಗಂಡಸರ ಹಾಗೆ ನಿಜವಾದ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡುವ ಅವಕಾಶ ಇದ್ದಿದ್ದರೆ ಅದ್ಭುತ ಮಾಡುತ್ತಿದ್ದಳು ಎಂದೂ, ಅವಳ ಚಿತ್ರಗಳಲ್ಲಿ ಹೆಂಗಸರ ಮುಖಗಳೇ ಚೆಂದ, ಏಕೆಂದರೆ ಬೇಕಾದಷ್ಟು ನೋಡಲು ಸಿಕ್ಕಿದ್ದು ಹೆಂಗಸರೇ ಎಂದೂ ಹೇಳುತ್ತಾನೆ. ನಾಲ್ಕು ಶತಮಾನಗಳ ಮೇಲೆ ಪಂಡಿತರು ದೊಡ್ಡ ಪ್ರಬಂಧಗಳಲ್ಲಿ ವಾದಿಸಬೇಕಾಗಿ ಬಂದ ಮಾತನ್ನು ಈ ಗಂಡಸು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ್ದ.

ಈ ನೆಲ್ಲಿ ತನ್ನ ಕಾನ್ವೆಂಟಿನ ಊಟದ ಮನೆಗೆ 'ಕೊನೆಯ ಭೋಜನ'ದ ಚಿತ್ರ ಬರೆದಳು. ಸುಮಾರು ಏಳು ಮೀಟರ್ ಉದ್ದದ ಕ್ಯಾನ್‌ವಾಸು. ಹದಿಮೂರು ಜನ ಗಂಡಸರು, ಆಳೆತ್ತರ. ಲಿಯೊನಾರ್ಡೊನ ಕೊನೆಯ ಭೋಜನವನ್ನು ಕ್ಯಾಲೆಂಡರುಗಳಲ್ಲಾದರೂ ನಾವೆಲ್ಲ ಕಂಡಿದ್ದೇವೆ; ಇವಳದು ಯಾವ ಪುಸ್ತಕದಲ್ಲೂ ಇರಲಿಲ್ಲ. ಕಾನ್ವೆಂಟು ಮುಚ್ಚಿದ ಮೇಲೆ ಅದು ಸಾಂತಾ ಮರಿಯಾ ನೊವೆಲ್ಲಾದ ಮಠಕ್ಕೆ ಹೋಗಿ, ಜನರ ಕಣ್ಣಿಗೆ ಬೀಳದೆ ಉಳಿದುಬಿಟ್ಟಿತ್ತು. ನಾಲ್ಕು ವರ್ಷ ಕೂತು ಅದನ್ನು ಶುಚಿ ಮಾಡಿ, ಹರಿದದ್ದನ್ನು ಸರಿಮಾಡಿ, 2019ರಲ್ಲಿ ಅಲ್ಲಿಯೇ ಮ್ಯೂಸಿಯಮ್ಮಿನಲ್ಲಿ ತೂಗುಹಾಕಿದರು. ಅದರ ಬಣ್ಣದ ಚಿತ್ರ ನಾನು ನೋಡಿದೆ. ಮೇಜಿನ ಮೇಲೆ ಇಸ್ತ್ರಿಯ ಮಡಿಕೆ ಎದ್ದು ಕಾಣುವ ಬಿಳಿ ಬಟ್ಟೆ, ಒಳ್ಳೆಯ ಪಿಂಗಾಣಿ ಬಟ್ಟಲು, ಹುರಿದ ಕುರಿಮರಿ, ಸೊಪ್ಪು, ಅವರೆಯಂಥ ಕಾಳು. ಲಿಯೊನಾರ್ಡೊನ ಚಿತ್ರದಲ್ಲಿ ಊಟ ಯಾರಿಗೆ ನೆನಪಿದೆ? ಇವಳ ಚಿತ್ರದಲ್ಲಿ, ಬಡಿಸಿದವರು ಯಾರೋ ಈಗಷ್ಟೇ ಆಚೆ ಹೋದರು ಎನಿಸುತ್ತದೆ. ಮೂಲೆಯಲ್ಲಿ ತನ್ನ ಹೆಸರು ಬರೆದು, ಬರೆದವಳಿಗಾಗಿ ಪ್ರಾರ್ಥಿಸಿ ಎಂದು ಲ್ಯಾಟಿನ್ನಿನಲ್ಲಿ ಕೇಳಿಕೊಂಡಿದ್ದಾಳೆ. 'ಬರೆದವಳು' ಎಂದೇ, ಸ್ತ್ರೀಲಿಂಗದಲ್ಲಿ.

ಕ್ರೆಮೋನಾದ ಸೊಫೊನಿಸ್ಬಾ ಆಂಗ್ವಿಸ್ಸೋಲಾಳ ಅದೃಷ್ಟ ಇವರಿಗಿಂತ ಚೆನ್ನಾಗಿತ್ತು. ಹೆಣ್ಣುಮಕ್ಕಳೇ ತುಂಬಿದ ಮನೆ, ಅವರಿಗೆ ವಿದ್ಯೆ ಕಲಿಸಬೇಕೆಂಬ ಹಟದ ತಂದೆ. ಆ ತಂದೆ ಮಗಳ ಬಗ್ಗೆ ಮೈಕೆಲೆಂಜಲೊನಿಗೇ ಕಾಗದ ಬರೆದ. ನಗುವ ಹುಡುಗಿಯ ಚಿತ್ರ ಸರಿ, ಅಳುವ ಹುಡುಗನನ್ನು ಬರೆಯಲಿ ನೋಡೋಣ ಎಂದು ಆ ಮುದುಕ ಸವಾಲು ಹಾಕಿದ್ದಕ್ಕೆ, ಸೀಗಡಿಯ ಜಾತಿಯ ಪ್ರಾಣಿ ಬೆರಳು ಕಚ್ಚಿ ಅಳುತ್ತಿರುವ ತನ್ನ ಪುಟ್ಟ ತಮ್ಮನ ಚಿತ್ರ ಬರೆದು ಕಳಿಸಿದಳು. 1555ರಲ್ಲಿ ತಂಗಿಯರು ಚದುರಂಗ ಆಡುತ್ತಿರುವ ಚಿತ್ರ ಬರೆದಳು. ಗೆದ್ದವಳ ಬಿಂಕ, ಸೋಲುವವಳು ಎತ್ತಿದ ಕೈ, ಸಣ್ಣವಳ ಬಾಯಿತುಂಬ ನಗು, ಹಿಂದೆ ನಿಂತು ನೋಡುವ ಮನೆಯ ವಯಸ್ಸಾದ ಕೆಲಸದಾಕೆ. ವಸಾರಿ ಅವರ ಮನೆಗೇ ಹೋಗಿ ಇದನ್ನು ಕಂಡು, ಮಾತೊಂದು ಬಿಟ್ಟು ಉಳಿದೆಲ್ಲ ಜೀವ ಈ ಮುಖಗಳಲ್ಲಿದೆ ಎಂದು ಮೆಚ್ಚಿಕೊಂಡ. 1559ರಲ್ಲಿ ಅವಳಿಗೆ ಸ್ಪೇನಿನ ಅರಮನೆಯಿಂದ ಕರೆ ಬಂತು, ರಾಣಿಯ ಸಖಿಯಾಗಿ ಹೋಗಿ ಅವಳಿಗೆ ಚಿತ್ರ ಕಲಿಸಿದಳು. ತೊಂಬತ್ತು ದಾಟಿ, ಕಣ್ಣು ಮಂಜಾಗಿದ್ದಾಗ, 1624ರಲ್ಲಿ ಯುವಕ ವ್ಯಾನ್ ಡೈಕ್ ಪಲೆರ್ಮೊದಲ್ಲಿ ಅವಳನ್ನು ಹುಡುಕಿಕೊಂಡು ಹೋಗಿ, ಮಾತಾಡಿಸಿ, ತನ್ನ ಪುಸ್ತಕದಲ್ಲಿ ಅವಳ ಮುಖ ಬರೆದುಕೊಂಡ. ಇಷ್ಟೆಲ್ಲ ಹೆಸರು ಮಾಡಿದವಳ ಗತಿಯೂ ಕೊನೆಗೆ ಏನಾಯಿತು? ಸ್ಪೇನಿನ ದೊರೆ ಎರಡನೆಯ ಫಿಲಿಪ್‌ನ ಹೆಸರಾಂತ ಭಾವಚಿತ್ರ, ಇಂದು ಮ್ಯಾಡ್ರಿಡ್ಡಿನ ಪ್ರಾಡೊದಲ್ಲಿ ಅವಳ ಹೆಸರಿನಲ್ಲಿ ಇರುವುದು, ಬಹುಕಾಲ ಗಂಡಸು ಚಿತ್ರಕಾರನ ಹೆಸರಿನಲ್ಲಿ ಇತ್ತು.

ಹಾಗಾದರೆ ವಸಾರಿ ಕಂಡ ಹೆಂಗಸರು ಗೊಂಬ್ರಿಕ್ ಕಾಲಕ್ಕೆ ಎಲ್ಲಿ ಹೋದರು? ಯಾರೋ ಕೂತು ಅಳಿಸಿಹಾಕಿದರು ಎಂದರೆ ಸುಲಭವಾದೀತು. ನಡೆದದ್ದು ಅಷ್ಟು ಸರಳವಲ್ಲ.

ಒಂದು ಕಾರಣ ಹೆಸರಿನದು. ಹಾಲೆಂಡಿನ ಹಾರ್ಲೆಮ್ ಊರಿನ ಯೂಡಿತ್ ಲೈಸ್ಟರ್ 1633ರಲ್ಲಿ ಅಲ್ಲಿನ ಚಿತ್ರಕಾರರ ಸಂಘದ ಸದಸ್ಯೆಯಾಗಿ, ಸ್ವಂತ ಕೆಲಸದ ಮನೆ ಇಟ್ಟು, ಶಿಷ್ಯರನ್ನು ಇಟ್ಟುಕೊಂಡಿದ್ದವಳು. ಒಬ್ಬ ಶಿಷ್ಯ ಇವಳನ್ನು ಬಿಟ್ಟು ದೊಡ್ಡ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನ ಕಡೆ ಹೋದಾಗ ಸಂಘಕ್ಕೆ ದೂರು ಕೊಟ್ಟು ನ್ಯಾಯ ಕೇಳಿದ ಗಟ್ಟಿಗಿತ್ತಿ. ಅವಳ ಮನೆತನದ ಹೆಸರಿನ ಅರ್ಥ ದಾರಿ ತೋರುವ ನಕ್ಷತ್ರ; ಆದ್ದರಿಂದ ಚಿತ್ರದ ಮೂಲೆಯಲ್ಲಿ ಎರಡು ಅಕ್ಷರ ಹೆಣೆದು ಪಕ್ಕದಲ್ಲಿ ಒಂದು ನಕ್ಷತ್ರ ಇಡುತ್ತಿದ್ದಳು. 1636ರಲ್ಲಿ ಮದುವೆ, ಗಂಡನೂ ಚಿತ್ರಕಾರ, ಐದು ಮಕ್ಕಳು. ಆಮೇಲೆ ಬರೆದ ಚಿತ್ರ ಬಹಳ ಕಡಿಮೆ. ಮುಂದಿನದನ್ನು ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸತ್ತ ಮೇಲೆ ಅವಳ ಚಿತ್ರಗಳೆಲ್ಲ ಹಾಲ್ಸ್‌ನ ಹೆಸರಿಗೋ ಗಂಡನ ಹೆಸರಿಗೋ ಸೇರಿಹೋದವು. 1893ರಲ್ಲಿ ಹಾಲ್ಸ್‌ನದೆಂದು ಭಾರಿ ಬೆಲೆಗೆ ಮಾರಿದ್ದ ಒಂದು ಚಿತ್ರದ ಮೇಲೆ ಆ ನಕ್ಷತ್ರ ಕಾಣಿಸಿಕೊಂಡಿತು. ಹಾಫ್‌ಸ್ಟೆಡ್ ಡಿ ಗ್ರೂಟ್ ಎಂಬ ಡಚ್ ವಿದ್ವಾಂಸ ಅದು ಯಾರ ಗುರುತು ಎಂದು ಪತ್ತೆ ಮಾಡಿದ. ಮರೆತುಹೋದ ಕಲಾವಿದೆ ಸಿಕ್ಕಳೆಂದು ವ್ಯಾಪಾರಿಗಳು ಕುಣಿದಾಡಲಿಲ್ಲ. ಮೋಸವಾಯಿತೆಂದು ಲಂಡನ್ನಿನ ಕೋರ್ಟಿಗೆ ಹೋದರು! ಬಟ್ಟೆಯ ಮೇಲಿನ ಬಣ್ಣ ಅದೇ, ಗೆರೆ ಅದೇ, ನಿನ್ನೆಯವರೆಗೆ ಹೊಗಳಿದ ನಗು ಅದೇ. ಹೆಸರು ಹೆಂಗಸಿನದಾಯಿತು, ಬೆಲೆ ಇಳಿಯಿತು.

ಇನ್ನೊಂದು ಕಾರಣ ಮುದ್ರಣದ್ದು. ಫೋಟೋ ಬರುವ ಮುಂಚೆ ಒಂದು ಚಿತ್ರ ಪುಸ್ತಕಕ್ಕೆ ಬರಬೇಕಾದರೆ ಯಾರಾದರೂ ಅದನ್ನು ನೋಡಿ ಮರದ ಮೇಲೋ ತಾಮ್ರದ ಮೇಲೋ ಮತ್ತೆ ಕೊರೆಯಬೇಕಿತ್ತು. ಅಷ್ಟು ಖರ್ಚು ಯಾರಿಗೆ ಮಾಡುತ್ತಾರೆ? ಕೊಳ್ಳುವವರಿಗೆ ಆಗಲೇ ಗೊತ್ತಿರುವ ಹೆಸರಿಗೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕ್ಯಾಮೆರಾ ಹೊತ್ತವರು ಇಟಲಿಯ ಚರ್ಚುಗಳಿಗೂ ಮ್ಯೂಸಿಯಮ್ಮುಗಳಿಗೂ ಹೋದರು. ಫ್ಲಾರೆನ್ಸಿನ ಅಲಿನಾರಿ ಸೋದರರ ಸಂಸ್ಥೆ 1852ರಷ್ಟು ಹಿಂದಿನದು. ಶತಮಾನದ ಕೊನೆಯ ಹೊತ್ತಿಗೆ ಫೋಟೋವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಅಕ್ಷರದ ಜೊತೆಯಲ್ಲೇ ಅಚ್ಚು ಹಾಕುವ ಹಾಫ್‌ಟೋನ್ ವಿಧಾನ ಬಂತು. ಅಂದಿನಿಂದ ಚಿತ್ರದ ಪುಸ್ತಕಗಳಿಗೆ ಸುಗ್ಗಿ. ಆದರೆ ಪುಸ್ತಕ ಬರೆಯುವವರು ಆರಿಸಿಕೊಳ್ಳುವುದು ಇರುವ ಫೋಟೋಗಳಿಂದ, ಫೋಟೋ ತೆಗೆಯುವವರು ತೆಗೆಯುವುದು ಪುಸ್ತಕದಲ್ಲಿ ಹೆಸರು ಬಂದ ಚಿತ್ರಗಳನ್ನು. ಗಾಣದ ಎತ್ತಿನ ಸುತ್ತು ಇದು. ನಕ್ಷತ್ರದ ಗುರುತಿನ ಚಿತ್ರ ಹಾಲ್ಸ್‌ನ ಕಡತದಲ್ಲಿದ್ದರೆ ಹಾಲ್ಸ್ ಎಂದೇ ಅಚ್ಚಾಗುತ್ತದೆ.

ಮೂರನೆಯದು ನೆಲ್ಲಿಯ ವಿಷಯದಲ್ಲಿ ವಸಾರಿ ಹೇಳಿದ್ದೇ. ದೊಡ್ಡ ಚಿತ್ರಕಾರ ಎನಿಸಿಕೊಳ್ಳಲು ಮನುಷ್ಯನ ಬೆತ್ತಲೆ ಮೈಯನ್ನು ನೋಡಿ ಬರೆದು ಅಭ್ಯಾಸ ಮಾಡಬೇಕು. ಮರ್ಯಾದಸ್ಥ ಹೆಂಗಸು ಆ ಕೋಣೆಗೆ ಹೋಗುವಂತಿಲ್ಲ. 1768ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಶುರುವಾದಾಗ ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರಿದ್ದರು, ಆಂಜೆಲಿಕಾ ಕಾಫ್‌ಮನ್ ಮತ್ತು ಮೇರಿ ಮೋಸರ್. ಕೆಲವೇ ವರ್ಷದ ಮೇಲೆ ಜೋಹಾನ್ ಜೋಫನಿ ಎಂಬವನು ಅಕಾಡೆಮಿಯ ಸದಸ್ಯರ ಸಮೂಹಚಿತ್ರ ಬರೆದ. ಗಂಡಸರೆಲ್ಲ ಬೆತ್ತಲೆ ಮಾದರಿಯ ಸುತ್ತ ನಿಂತು, ಕೂತು, ಹರಟುತ್ತಿದ್ದಾರೆ. ಆ ಇಬ್ಬರು ಹೆಂಗಸರು? ಗೋಡೆಯ ಮೇಲೆ ತೂಗುಹಾಕಿದ ಎರಡು ಭಾವಚಿತ್ರಗಳಾಗಿದ್ದಾರೆ! ವಸಾರಿಯ ಚೌಕಟ್ಟುಗಳಲ್ಲಿ ಮುಖ ಇರಲಿಲ್ಲ. ಇಲ್ಲಿ ಮುಖ ಇದೆ, ಮೈಗೆ ಕೋಣೆಯೊಳಗೆ ಪ್ರವೇಶವಿಲ್ಲ. ಅವರಿಬ್ಬರ ನಂತರ ಆ ಅಕಾಡೆಮಿಗೆ ಇನ್ನೊಬ್ಬ ಹೆಂಗಸು ಪೂರ್ಣ ಸದಸ್ಯೆಯಾಗಿ ಆಯ್ಕೆಯಾದದ್ದು 1936ರಲ್ಲಿ, ಲಾರಾ ನೈಟ್. ಲೆಕ್ಕ ಹಾಕಿ ನೋಡಿ, 168 ವರ್ಷ.

ಈ ಎಲ್ಲ ಸೋಸುವಿಕೆ ಮುಗಿದ ಮೇಲೆ ಉಳಿದದ್ದು ಗೊಂಬ್ರಿಕ್ ಕೈಗೆ ಬಂತು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ವಿಯೆನ್ನಾದಲ್ಲಿ 1909ರಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿ, 1936ರಲ್ಲಿ ಲಂಡನ್ನಿಗೆ ಬಂದು, ಯುದ್ಧದ ವರ್ಷಗಳಲ್ಲಿ ಬಿಬಿಸಿಯವರಿಗಾಗಿ ಜರ್ಮನ್ ರೇಡಿಯೋ ಕೇಳುವ ಕೆಲಸ ಮಾಡಿದವರು. ಅವರ ಪುಸ್ತಕ ಪ್ರಕಟಿಸಿದ ಫೈಡನ್ ಸಂಸ್ಥೆಯ ಕಥೆಯೂ ಹಾಗೆಯೇ. 1923ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ದೊಡ್ಡ ಅಳತೆಯ ಚಿತ್ರಪುಸ್ತಕಗಳನ್ನು ಸಾಮಾನ್ಯರ ಕೈಗೆಟಕುವ ಬೆಲೆಗೆ ಕೊಟ್ಟು ಹೆಸರಾಯಿತು. 1938ರಲ್ಲಿ ಹಿಟ್ಲರನ ಸೈನ್ಯ ಬಂದಾಗ ಯಹೂದಿ ಒಡೆಯ ಬೇಲಾ ಹೊರೊವಿಟ್ಜ್‌ರ ಆಸ್ತಿ ನಾಜಿಗಳ ಪಾಲಾಗದಂತೆ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಅದನ್ನು ತಮ್ಮ ಹೆಸರಿಗೆ ಕೊಂಡು ಉಳಿಸಿಕೊಟ್ಟರು. ಊರು ಬಿಟ್ಟು ಬಂದ ಇಂಥವರು ಸೇರಿ 1950ರಲ್ಲಿ 370 ಚಿತ್ರಗಳ 'ದಿ ಸ್ಟೋರಿ ಆಫ್ ಆರ್ಟ್' ತಂದರು. ಮುನ್ನುಡಿಯಲ್ಲಿ ಗೊಂಬ್ರಿಕ್ ತಾನು ಹಾಕಿಕೊಂಡ ಒಂದು ನಿಯಮ ಹೇಳುತ್ತಾರೆ: ಚಿತ್ರ ತೋರಿಸಲಾಗದ ಕೃತಿಯ ಬಗ್ಗೆ ಬರೆಯುವುದಿಲ್ಲ. ಎಷ್ಟು ಪ್ರಾಮಾಣಿಕ ನಿಯಮ! ಓದುಗರೆಂದು ಅವರು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಹದಿಹರೆಯದವರನ್ನು. ಮೂರನೆಯ ಬೆಂಚಿನವಳ ವಯಸ್ಸಿನವರನ್ನು. ಮುಂದೆ ಲಕ್ಷಗಟ್ಟಲೆ ಪ್ರತಿ ಮಾರಾಟವಾದ ಆ ಪುಸ್ತಕದ ಮೊದಲ ಮುದ್ರಣದಲ್ಲಿ ಒಬ್ಬ ಹೆಣ್ಣು ಕಲಾವಿದೆಗೂ ಜಾಗ ಇರಲಿಲ್ಲ. ಹದಿನಾರನೆಯ ಮುದ್ರಣ ಬಂದಾಗಲೂ ಇದ್ದವಳು ಒಬ್ಬಳೇ, ಜರ್ಮನಿಯ ಕೇಟೆ ಕೋಲ್‌ವಿಟ್ಜ್. ಅಮೆರಿಕದ ಕಾಲೇಜುಗಳಿಗೆ ಪಠ್ಯವಾಗಿದ್ದ ಎಚ್.ಡಬ್ಲ್ಯು. ಜಾನ್ಸನ್ನರ 1962ರ ದಪ್ಪ ಪುಸ್ತಕದ್ದೂ ಅದೇ ಕಥೆ. ಅವರ ಮಗ ತಿದ್ದಿದ 1986ರ ಮುದ್ರಣದಲ್ಲಿ ಮೊದಲ ಬಾರಿಗೆ ಹೆಂಗಸರು ಒಳಗೆ ಬಂದರು.

ನಾನು ತಪ್ಪು ಉತ್ತರ ಕೊಟ್ಟ 1983ಕ್ಕೆ ಹನ್ನೆರಡು ವರ್ಷ ಮೊದಲೇ, 1971ರಲ್ಲಿ, ನ್ಯೂಯಾರ್ಕಿನ ಲಿಂಡಾ ನಾಕ್ಲಿನ್ ಎಂಬ ಅಧ್ಯಾಪಕಿ ಒಂದು ಲೇಖನ ಬರೆದಿದ್ದರು. ಶ್ರೇಷ್ಠ ಕಲಾವಿದೆಯರು ಯಾಕಿಲ್ಲ ಎಂಬುದೇ ಅದರ ಪ್ರಶ್ನೆ. ಇದ್ದರು, ಇದ್ದರು ಎಂದು ಪಟ್ಟಿ ಕೊಡಲು ಅವರು ಅವಸರಿಸಲಿಲ್ಲ. ಯಾವ ಶಾಲೆಗೆ ಯಾರನ್ನು ಸೇರಿಸಿದರು, ಯಾವ ಕೋಣೆಯ ಬಾಗಿಲು ಯಾರಿಗೆ ಮುಚ್ಚಿತ್ತು ಎಂದು ನೋಡಿ ಎಂದರು. ಪಟ್ಟಿ ಆಮೇಲೆ ಬಂತು. 1976ರ ಕೊನೆಯಲ್ಲಿ ಅವರೂ ಆನ್ ಸದರ್‌ಲ್ಯಾಂಡ್ ಹ್ಯಾರಿಸ್ ಎಂಬವರೂ ಸೇರಿ ಲಾಸ್ ಏಂಜಲೀಸಿನಲ್ಲಿ 1550ರಿಂದ 1950ರವರೆಗಿನ ಎಂಬತ್ತಕ್ಕೂ ಹೆಚ್ಚು ಕಲಾವಿದೆಯರ ಪ್ರದರ್ಶನ ಇಟ್ಟರು. ಅದಕ್ಕೆಂದು ತಂದ ಸಚಿತ್ರ ಪುಸ್ತಕವೇ ಮುಂದಿನವರಿಗೆಲ್ಲ ದಾರಿಯಾಯಿತು. 2022ರಲ್ಲಿ ಲಂಡನ್ನಿನ ಕೇಟಿ ಹೆಸ್ಸೆಲ್ ಎಂಬ ಹುಡುಗಿ ಗೊಂಬ್ರಿಕ್ ಪುಸ್ತಕದ ಹೆಸರನ್ನೇ ತಿರುವಿ, ಗಂಡಸರಿಲ್ಲದ ಕಲೆಯ ಕಥೆ ಎಂದು ದೊಡ್ಡ ಪುಸ್ತಕ ತಂದಳು. ನಕ್ಕುಬಿಟ್ಟೆ. ಹುಳಿ ಜಾಸ್ತಿಯಾದ ಸಾರಿಗೆ ಬೆಲ್ಲ ಸುರಿದ ಹಾಗಿದೆ. ಆದರೆ ರುಚಿಯಿಲ್ಲ ಎನ್ನಲಾರೆ.

ಇವೆಲ್ಲ ನಮ್ಮ ಊರಿಗೆ ಬಂದು ಮುಟ್ಟುವುದು ಯಾವಾಗ? ರಿಫ್ರೆಷರ್ ಕೋರ್ಸಿನಿಂದ ವಾಪಸು ಬಂದವಳು ಆ ಹುಡುಗಿಯ ವಿಳಾಸಕ್ಕಾಗಿ ಆಫೀಸಿನಲ್ಲಿ ಹಳೆಯ ಪ್ರವೇಶದ ರಿಜಿಸ್ಟರು ತೆಗೆಸಿ ನೋಡಿದೆ. ಊರು ಬಿಟ್ಟಿದ್ದರು. ಗೆಳತಿಯೊಬ್ಬಳು, ಮದುವೆಯಾಗಿ ಎತ್ತಲೋ ಹೋದಳು ಮೇಡಂ, ಎಂದಳು. ಈಗಲೂ ಚಿತ್ರ ಬರೆಯುತ್ತಾಳೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆ ವರ್ಷದಿಂದ ಪುನರುಜ್ಜೀವನದ ಪಾಠಕ್ಕೆ ಒಂದು ಗಂಟೆ ಹೆಚ್ಚು ಹಿಡಿಯುತ್ತಿತ್ತು. ಸಿಲೆಬಸ್ಸಿನಲ್ಲಿಲ್ಲದ್ದು ಪರೀಕ್ಷೆಗೆ ಬರುತ್ತದಾ ಎಂದು ಮುಂದಿನ ಬೆಂಚಿನವರು ಕೇಳುತ್ತಿದ್ದರು. ಬರುವುದಿಲ್ಲ, ಆದರೂ ಬರೆದುಕೊಳ್ಳಿ ಎನ್ನುತ್ತಿದ್ದೆ.

ನಿವೃತ್ತಿಯಾದ ದಿನ ಹಾರ, ಶಾಲು, ಫಲತಾಂಬೂಲ ಎಲ್ಲ ಮುಗಿದ ಮೇಲೆ ಲೈಬ್ರರಿಗೆ ಹೋದೆ. ಗಾಜಿನ ಬೀರು ಅಲ್ಲೇ ಇತ್ತು. ನೋಟ್‌ಬುಕ್ಕಿನಲ್ಲಿ ಸಹಿ ಹಾಕಿ ಬೀಗದ ಕೈ ಇಸಕೊಂಡೆ. ಗೊಂಬ್ರಿಕ್ ಪುಸ್ತಕದ ಪುನರುಜ್ಜೀವನದ ಪುಟಗಳ ನಡುವೆ ಪ್ರೊಪೆರ್ಜಿಯಾ, ಪ್ಲೌತಿಲ್ಲಾ, ಸೊಫೊನಿಸ್ಬಾ, ಯೂಡಿತ್ ಎಂದು ನಾಲ್ಕು ಹೆಸರು, ನಾಲ್ಕು ಊರು, ನಾಲ್ಕು ಇಸವಿ ಬರೆದ ಒಂದು ಚೀಟಿ ಇಟ್ಟೆ. ಅಟೆಂಡರ್ ನೋಡುತ್ತ ನಿಂತಿದ್ದ.

"ಪುಸ್ತಕದ ಮೇಲೆ ಏನೂ ಬರೀಬಾರ್ದು ಅಮ್ಮಾವ್ರೆ, ರೂಲ್ಸು" ಎಂದ.

"ಬರೆದಿಲ್ಲಪ್ಪ, ಇಟ್ಟಿದ್ದೀನಿ ಅಷ್ಟೆ" ಎಂದೆ.

ಅವನು ನೋಟ್‌ಬುಕ್ ಮುಚ್ಚುವ ಮೊದಲು ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಉದ್ದಕ್ಕೂ ಹೆಚ್ಚಾಗಿ ನನ್ನದೇ ಸಹಿ. ನಡುವೆ ಎರಡು ಕಡೆ ಬೇರೆ ಯಾರದೋ ದುಂಡನೆಯ ಅಕ್ಷರ. ಯಾರದೆಂದು ಕೇಳಿದೆ. "ಯಾರೋ ಹುಡುಗೀರು" ಎಂದ ಅವನು ಬೀಗ ಹಾಕುತ್ತ.